ಕಂಪೌಂಡರ್ ವೈಜನಾಥರು ಕೇಳದೆ ಬಿಟ್ಟ ಪ್ರಶ್ನೆ

ವೈಜನಾಥ ಕಂಪೌಂಡರರಿಗೆ ನಾಲ್ಕು ಭಾಷೆ ಬರುತ್ತವೆ ಎಂದು ಬಸವಕಲ್ಯಾಣದ ಪೇಟೆಯಲ್ಲಿ ಎಲ್ಲರೂ ಹೇಳುತ್ತಿದ್ದರು. ನಾನೊಮ್ಮೆ ಅವರೆದುರಿಗೇ ಈ ಮಾತು ಆಡಿದಾಗ ಅವರು ನಗಲಿಲ್ಲ.

"ಮೂರೂವರಿ ಅನ್ರಿ ಬಾಯಿ. ಆ ಉಳದ ಅರ್ಧ ಬರದೇ ಇದ್ದದ್ದಕ್ಕ ಒಂದು ಹೆಣ್ಣುಜೀವ ಹೋಗ್ಯದ" ಎಂದರು.

ನಾನು ನರ್ಸಾಗಿ ಹುಮನಾಬಾದಿನ ದವಾಖಾನೆಗೆ ಸೇರಿದ್ದು ೧೯೭೧ರಲ್ಲಿ. ಅಲ್ಲಿಂದ ಹನ್ನೊಂದು ವರ್ಷ ಅವರ ಪಕ್ಕದ ಮೇಜಿನಲ್ಲೇ ಕೆಲಸ ಮಾಡಿದೆ. ಆ ಮಾತಿನ ಹಿಂದಿನ ಕತೆಯನ್ನು ಅವರು ಒಂದೇ ಸಲಕ್ಕೆ ಹೇಳಲಿಲ್ಲ. ಅರ್ಧ ಒಂದು ವರ್ಷ ಹೇಳಿದರು, ಇನ್ನರ್ಧ ಮೂರು ವರ್ಷ ಬಿಟ್ಟು. ನಾನು ಇಲ್ಲಿ ಕೂಡಿಸಿ ಬರೆಯುತ್ತಿದ್ದೇನೆ.

ಅವರದು ಚಿಟಗುಪ್ಪದ ಕಡೆಯ ಕೊಡಂಬಲ. ಮನೆಯಲ್ಲಿ ಕನ್ನಡ, ಶಾಲೆಯಲ್ಲಿ ಉರ್ದು. ಕಂಪೌಂಡರಿಕೆ ಕಲಿಯಲು ಹೈದರಾಬಾದಿಗೆ ಹೋದಾಗ ತೆಲುಗು ಬಂತು. ಬಸವಕಲ್ಯಾಣದಲ್ಲಿ ಪೇಟೆಯ ವ್ಯಾಪಾರಸ್ಥರು ಸೇರಿ ಒಂದು ಧರ್ಮಾರ್ಥ ದವಾಖಾನೆ ನಡೆಸುತ್ತಿದ್ದರು. ಅಲ್ಲಿ ಕೆಲಸಕ್ಕೆ ಸೇರಿದ ಮೇಲೆ ಸಂತೆಯ ಮರಾಠಿಯೂ ನಾಲಿಗೆಗೆ ಹತ್ತಿತು. ಆಗಿನ್ನೂ ಊರಿನ ಹೆಸರು ಕಲ್ಯಾಣಿ. ಔಷಧದ ಚೀಟಿ, ರೋಗಿಗಳ ದಫ್ತರ ಎಲ್ಲ ಉರ್ದುವಿನಲ್ಲಿ. ಡಾಕ್ಟರೂ ಹೈದರಾಬಾದಿನವರು.

೧೯೫೬ರಲ್ಲಿ ನಮ್ಮ ಸೀಮೆ ಮೈಸೂರು ರಾಜ್ಯಕ್ಕೆ ಸೇರಿತು. ಊರು ಬಸವಕಲ್ಯಾಣವಾಯಿತು. ಹಳೆಯ ಡಾಕ್ಟರು ಹೈದರಾಬಾದಿಗೆ ಹೊರಟುಹೋದರು. ಮರುವರ್ಷ ಅವರ ಜಾಗಕ್ಕೆ ಮೈಸೂರಿನಿಂದ ಒಬ್ಬ ಚಿಕ್ಕ ವಯಸ್ಸಿನ ಡಾಕ್ಟರು ಬಂದರು. ಜನ ಅವರನ್ನು ಕೊನೆಯವರೆಗೂ ಮೈಸೂರು ಡಾಕ್ಟರು ಎಂದೇ ಕರೆದರು. ಕೈಗುಣ ಚೆನ್ನಾಗಿತ್ತು, ಸಿಡುಕಿರಲಿಲ್ಲ. ಆದರೆ ಅವರ ಕನ್ನಡ ನಮ್ಮವರಿಗೆ ತಿಳಿಯದು, ನಮ್ಮ ಕನ್ನಡ ಅವರಿಗೆ ತಿಳಿಯದು. ಮೊದಲ ವಾರ ಒಬ್ಬ ರೈತ ಬಂದು "ಮೈಯಾಗ ಕಸುವಿಲ್ರಿ, ಭಾಳ ಬ್ಯಾಸರಕಿ ಅದ" ಎಂದನಂತೆ. ಡಾಕ್ಟರು ಕಸವನ್ನು ಹುಡುಕುವವರಂತೆ ಅವನ ಮೈ ಕೈ ನೋಡಿದರು. ವೈಜನಾಥರು ನಡುವೆ ಬಂದು, "ಶಕ್ತಿ ಇಲ್ಲಂತಾನ್ರಿ ಸಾಹೇಬ್ರ" ಎಂದರು. ಆ ದಿನದಿಂದ ಡಾಕ್ಟರ ಕುರ್ಚಿಯ ಪಕ್ಕದಲ್ಲಿ ಅವರಿಗೆ ಕಾಯಂ ಜಾಗವಾಯಿತು.

ದವಾಖಾನೆಗೆ ಎಲ್ಲ ಥರದ ಜನ ಬರುತ್ತಿದ್ದರು. ಗಲ್ಲಿಗಳಿಂದ ಬುರ್ಖಾ ಹಾಕಿದ ಹೆಂಗಸರು, ತಾಂಡಾಗಳಿಂದ ಲಂಬಾಣಿಗಳು, ಗಡಿಯಂಚಿನ ಹಳ್ಳಿಗಳಿಂದ ಮರಾಠಿ ಮಾತಾಡುವ ಕೂಲಿಯವರು. ಎಲ್ಲರ ಮಾತೂ ವೈಜನಾಥರ ಬಾಯಿಂದ ಹಾದೇ ಡಾಕ್ಟರ ಕಿವಿಗೆ ಹೋಗಬೇಕು. ಡಾಕ್ಟರು ಊರ ದೊಡ್ಡವರೆದುರು, "ವೈಜನಾಥ ಇಲ್ಲದಿದ್ದರೆ ನಾನು ಇಲ್ಲಿ ಕಿವುಡ" ಎಂದು ಹೇಳಿದ್ದರು. ಅದನ್ನು ಕೇಳಿದ ದಿನ ತಾನು ಮನೆಗೆ ನಡೆದುಕೊಂಡು ಹೋದದ್ದೇ ಬೇರೆ ರೀತಿ ಎಂದು ವೈಜನಾಥರು ನನಗೆ ಹೇಳಿದರು. "ತಲಿ ತಿರುಗಿತ್ತು ಬಾಯಿ. ತಿಳೀಲಿಲ್ಲ ಅಂತ ಅನ್ನೋದ್ನ ಮರತೇಬಿಟ್ಟೆ."

೧೯೬೧ರ ಮಾಘ ಮಾಸ. ಹೊಲಗಳಲ್ಲಿ ಬಿಳಿಜೋಳದ ರಾಶಿ ನಡೆದಿತ್ತು. ಸೋಮವಾರ ಬೆಳಿಗ್ಗೆ ದವಾಖಾನೆ ತುಂಬಿಹೋಗಿತ್ತು. ಒಂದೇ ಕೋಣೆ. ಡಾಕ್ಟರು ನೋಡುವುದೂ ಅಲ್ಲೇ, ಜನ ಸರದಿ ನಿಲ್ಲುವುದೂ ಅಲ್ಲೇ. ಮೋರಖಂಡಿಯಿಂದ ಒಬ್ಬ ನಡುವಯಸ್ಸಿನ ಹೆಂಗಸು ತನ್ನ ಸೊಸೆಯನ್ನು ಕರೆತಂದಿದ್ದಳು. ಅತ್ತೆಯ ಹೆಸರು ಶೇವಂತಾಬಾಯಿ, ಸೊಸೆ ಸುಮನಬಾಯಿ. ಸುಮನಬಾಯಿಗೆ ಇಪ್ಪತ್ತು ತುಂಬಿರಲಿಲ್ಲ. ಒಂದು ಕೈಯನ್ನು ಕಿಬ್ಬೊಟ್ಟೆಗೆ ಒತ್ತಿ ಹಿಡಿದು, ಸೆರಗನ್ನು ಮುಖದ ಮೇಲೆ ಎಳೆದುಕೊಂಡು ಬಾಗಿ ನಿಂತಿದ್ದಳು. ಗಂಡ ಹಣಮಂತ ಹೊರಗೆ ಬೇವಿನ ಮರದ ಕೆಳಗೆ ಗಾಡಿಯ ಹತ್ತಿರ ಇದ್ದ. ಅವನಿಗೆ ಕನ್ನಡ ಬರುತ್ತಿತ್ತು. ಅವನನ್ನು ಯಾರೂ ಒಳಗೆ ಕರೆಯಲಿಲ್ಲ.

"ಎಷ್ಟು ದಿನದಿಂದ ನೋವು ಕೇಳಿ" ಎಂದರು ಡಾಕ್ಟರು.

ವೈಜನಾಥರು ತಮ್ಮ ಸಂತೆಯ ಮರಾಠಿಯಲ್ಲಿ ಕೇಳಿದರು. ಶೇವಂತಾಬಾಯಿ ಹಿಂದೆ ನಿಂತಿದ್ದ ಗಂಡಸರ ಕಡೆ ಒಮ್ಮೆ ನೋಡಿದಳು. ದನಿ ತೀರಾ ಇಳಿಸಿ ಹೇಳಿದಳು: "ಹಿಲಾ ದಿವಸ ಗೇಲ್ಯಾತ. ಪೋಟಾತ ಲಯಿ ದುಖತಂಯ."

ಹೊಟ್ಟೆಯಲ್ಲಿ ಬಹಳ ನೋವು ಎಂಬುದು ವೈಜನಾಥರಿಗೆ ತಿಳಿಯಿತು. ಮೊದಲಿನ ಮಾತು, 'ದಿವಸ ಗೇಲ್ಯಾತ', ಅಂದರೆ ದಿನಗಳು ಹೋಗಿವೆ. ಹೋಗಿವೆ ಅಂದರೇನು? ಕೇಳಿದ್ದು ಎಷ್ಟು ದಿನ ಎಂದು. ಬಹಳ ದಿನ ಆಗಿರಬೇಕು. ಆದರೆ ಆ ಹೆಂಗಸು ಅದನ್ನು ಹೇಳುವಾಗ ಕಣ್ಣು ತಗ್ಗಿಸಿದ ರೀತಿ ಅವರಿಗೆ ಸರಿಕಾಣಲಿಲ್ಲ. ಇನ್ನೊಮ್ಮೆ ಕೇಳಬೇಕು ಎಂದು ಒಂದು ಗಳಿಗೆ ಅನ್ನಿಸಿತು. ಹಿಂದೆ ಮೂವತ್ತು ಜನ ಕಾಯುತ್ತಿದ್ದರು. ಎದುರಿಗೆ ಡಾಕ್ಟರು.

"ಭಾಳ ದಿವಸ ಆಗ್ಯಾವಂತ್ರಿ ಸಾಹೇಬ್ರ" ಎಂದರು.

ಡಾಕ್ಟರು ಸ್ವಲ್ಪ ಯೋಚಿಸಿ, "ಮುಟ್ಟು ಸರಿಯಾಗಿ ಆಗ್ತಿದೆಯಾ ಕೇಳಿ" ಎಂದರು.

ಇದು ವೈಜನಾಥರು ನನಗೆ ಮೂರು ವರ್ಷ ತಡೆದು ಹೇಳಿದ ಭಾಗ. ಪರಸ್ತ್ರೀಯನ್ನು, ಅವಳ ಅತ್ತೆಯ ಮುಂದೆ, ಗಂಡಸರ ಸಾಲಿನ ಮುಂದೆ ಆ ಮಾತು ಕೇಳಲು ಅವರಿಗೆ ಬಾಯಿ ಬರಲಿಲ್ಲ. ಯಾವ ಶಬ್ದದಲ್ಲಿ ಕೇಳಬೇಕು ಎಂಬುದೂ ಗೊತ್ತಿರಲಿಲ್ಲ. ಅವರು ಕೇಳಿದ್ದು, "ಬಾಕಿ ಎಲ್ಲಾ ಬರೋಬ್ಬರಿ ಅದ ಏನು?" ಎಂದಷ್ಟೇ, ಮರಾಠಿಯಲ್ಲಿ. ಹೇಳಬೇಕಾದದ್ದನ್ನು ಆಗಲೇ ಹೇಳಿದ್ದೇನೆ ಎಂದು ನಂಬಿದ್ದ ಶೇವಂತಾಬಾಯಿ ತಲೆಯಾಡಿಸಿದಳು.

"ಬರೋಬ್ಬರಿ ಅದಂತ್ರಿ" ಎಂದು ವೈಜನಾಥರು ಡಾಕ್ಟರಿಗೆ ಹೇಳಿದರು.

ಬಹಳ ದಿನದ ಹೊಟ್ಟೆನೋವು, ಮುಟ್ಟು ಸರಿಯಾಗಿದೆ. ಡಾಕ್ಟರು ಹುಳುವಿನ ತೊಂದರೆ ಇರಬೇಕೆಂದು ಔಷಧ ಬರೆದರು. ಅತ್ತೆ ಮನೆಯಿಂದ ಸೀಸೆ ತಂದಿದ್ದಳು. ವೈಜನಾಥರೇ ಅದನ್ನು ತೊಳೆದು, ಔಷಧ ತುಂಬಿ, ಪಕ್ಕಕ್ಕೆ ಕಾಗದದ ಪಟ್ಟಿ ಅಂಟಿಸಿ, ಮೂರು ಹೊತ್ತು ಎಂದು ಬೆರಳು ತೋರಿಸಿ ಕಳಿಸಿದರು. ಸುಮನಬಾಯಿ ಹೊಸ್ತಿಲು ದಾಟುವಾಗ ಗೋಡೆ ಹಿಡಿದು ನಿಂತಳು. ಅಷ್ಟರಲ್ಲಿ ಮುಂದಿನ ರೋಗಿ ಮಾತಾಡತೊಡಗಿದ್ದ.

ಎಂಟು ದಿನಕ್ಕೆ ಹಣಮಂತ ಒಬ್ಬನೇ ಬಂದ. ಕೈಯಲ್ಲಿ ಅದೇ ಸೀಸೆ, ಮುಕ್ಕಾಲು ಭಾಗ ಔಷಧ ಹಾಗೇ ಇತ್ತು.

"ಇದು ಉಳದದ್ರಿ. ಮತ್ತ್ಯಾರಿಗಾದ್ರೂ ಆದೀತು ಅಂತ ತಂದೀನಿ" ಎಂದ.

"ಯಾಕ, ಆರಾಮಾತೇನು?" ಎಂದರು ವೈಜನಾಥರು.

"ಹೋದ್ಲ್ರಿ. ಮೂರನೇ ದಿನಾನೇ ಹೋದ್ಲು. ಒಮ್ಮಿಗೇ ಮೈಯೆಲ್ಲ ಬೆಳ್ಳಗಾಗಿ ಬಿದ್ಲು. ಗಾಡಿ ಕಟ್ಟೂದ್ರಾಗ ಜೀವ ಇಲ್ಲ." ಅವನು ಸೀಸೆಯನ್ನು ಮೇಜಿನ ಮೇಲಿಟ್ಟ. "ಎರಡು ಜೀವ ಹೋದ್ವು. ಎರಡ ತಿಂಗಳಾಗಿತ್ತಲ್ರಿ. ಅವ್ವ ನಿಮಗ ಹೇಳಿದ್ಲಂತಲ್ಲ."

ಹಣಮಂತ ಬೈಯಲಿಲ್ಲ, ಅಳಲೂ ಇಲ್ಲ. ಕೈಮುಗಿದು ಹೋದ.

ದವಾಖಾನೆಯ ಅಂಗಳ ಗುಡಿಸುತ್ತಿದ್ದವಳು ಗಂಗುಬಾಯಿ. ತಾಂಡಾದ ಹೆಣ್ಣುಮಗಳು, ಎಳವೆಯಲ್ಲಿ ಮರಾಠಿ ಸೀಮೆಯಲ್ಲಿ ಕಬ್ಬು ಕಡಿಯಲು ಹೋಗಿ ವರ್ಷಗಟ್ಟಲೆ ಇದ್ದು ಬಂದವಳು. ವೈಜನಾಥರು ಅಂಗಳಕ್ಕೆ ಇಳಿದುಹೋಗಿ ಅವಳನ್ನು ಕೇಳಿದರು: "ಗಂಗುಬಾಯಿ, ಮರಾಠ್ಯಾಗ 'ದಿವಸ ಗೇಲ್ಯಾತ' ಅಂದ್ರೇನು?"

ಅವಳು ಕಸಬರಿಗೆ ನಿಲ್ಲಿಸದೆ ಹೇಳಿದಳು: "ಅಷ್ಟೂ ತಿಳಿಯಂಗಿಲ್ಲೇನ್ರಿ? ಬಸುರಿ ಆಗ್ಯಾಳ ಅಂತ. ಹೆಣ್ಮಕ್ಕಳು ಹಂಗೇ ಅಂತಾರ. ಬಾಯಿಬಿಟ್ಟು ಬಸುರಿ ಅಂತ ಯಾರು ಅಂತಾರ್ರಿ?"

ಗರ್ಭ ತನ್ನ ಜಾಗದಲ್ಲಿ ನಿಲ್ಲದೆ ಪಕ್ಕದ ನಾಳದಲ್ಲಿ ಬೆಳೆದು ಒಡೆದಿರಬೇಕು. ಇದು ನರ್ಸಾಗಿ ನಾನು ಹೇಳುವ ಮಾತು. ಗೊತ್ತಾಗಿದ್ದರೆ ಡಾಕ್ಟರು ಅವತ್ತೇ ದೊಡ್ಡ ಆಸ್ಪತ್ರೆಗೆ ಕಳಿಸುತ್ತಿದ್ದರು. ಆಗಿನ ರಸ್ತೆಯಲ್ಲಿ, ಆಗಿನ ಮೋಟಾರಿನಲ್ಲಿ ಬದುಕುತ್ತಿದ್ದಳೋ ಇಲ್ಲವೋ ಯಾರು ಹೇಳಬೇಕು? ಎರಡು ದಿನ ಕೈಯಲ್ಲಿತ್ತು ಎಂಬುದಂತೂ ನಿಜ.

ಸುದ್ದಿ ಡಾಕ್ಟರಿಗೂ ಮುಟ್ಟಿತು. ಅವರು ನೊಂದುಕೊಂಡು ಮಧ್ಯಾಹ್ನದ ಊಟ ಮಾಡಲಿಲ್ಲ. "ಗರ್ಭಿಣಿ ಅಂತ ಒಂದು ಮಾತು ಹೇಳಬಾರದಿತ್ತೇ? ಈ ಜನವೇ ಹೀಗೆ ವೈಜನಾಥ. ಎಲ್ಲ ಮುಚ್ಚಿಡ್ತಾರೆ. ನಾವೇನು ಮಾಡೋದು?" ಎಂದರು.

ಆಕೆ ಹೇಳಿಯೇ ಇದ್ದಳು ಎಂಬುದನ್ನು ವೈಜನಾಥರು ತಿಳಿಸಲಿಲ್ಲ. ಎರಡು ವರ್ಷದ ಮೇಲೆ ಮೈಸೂರು ಡಾಕ್ಟರು ತಮ್ಮ ಊರಿಗೆ ಹಿಂತಿರುಗಿದರು, ಕಲ್ಯಾಣದ ಕಡೆಯ ಬಡವರು ಡಾಕ್ಟರಿಗೆ ಸುಳ್ಳು ಹೇಳುತ್ತಾರೆ ಎಂಬ ನಂಬಿಕೆ ಹೊತ್ತುಕೊಂಡೇ. "ಮುಂದ ಎಷ್ಟು ಮಂದಿ ಎಳೇ ಡಾಕ್ಟರಿಗೆ ಆ ಮಾತು ಹೇಳ್ಯಾರೋ" ಎಂದು ವೈಜನಾಥರು ನನ್ನ ಬಳಿ ಎಷ್ಟೋ ಸಲ ಅಂದದ್ದುಂಟು. "ಅವರ ಮನಸ್ಸು ಕೆಡಿಸಿದವ ನಾನು. ಹೆಸರು ಹೋಗಿದ್ದು ಆ ಜನರದು."

ಅಂದಿನಿಂದ ಅವರು ಮಾಡಿದ್ದು ಹೊರಗಿನವರಿಗೆ ದೊಡ್ಡದಾಗಿ ಕಾಣುವಂಥದ್ದಲ್ಲ. ಮೊದಲು ಗಂಗುಬಾಯಿಯನ್ನು ಒಳಗೆ ಕರೆತಂದರು. ಹೆಣ್ಣುಮಕ್ಕಳನ್ನು ನೋಡುವಾಗ ಅವಳು ಪಕ್ಕದಲ್ಲಿ ನಿಲ್ಲಬೇಕು ಎಂದು ಡಾಕ್ಟರನ್ನು ಒಪ್ಪಿಸಿದರು. ಅದಕ್ಕೆ ದವಾಖಾನೆಯ ಮುಖ್ಯಸ್ಥರಾಗಿದ್ದ ಧಾನ್ಯದ ವ್ಯಾಪಾರಿ ಮಹಾರುದ್ರಪ್ಪನವರು ಸಿಟ್ಟಾದರು. "ಕಸಾ ಹೊಡ್ಯಾಕಿ ಡಾಕ್ಟರ್ ಖುರ್ಚಿ ಬಾಜೂಕ ನಿಂದರೂದೇನು? ನಿನಗ ಭಾಷಾ ಬರ್ತಾವಂತ ಅಲ್ಲೇನು ನಿನ್ನ ಇಟ್ಟಿದ್ದು?" ಎಂದರು.

"ನನಗ ಬರಂಗಿಲ್ರಿ ಸಾಹುಕಾರ್ರ" ಎಂದರು ವೈಜನಾಥರು. ಅಷ್ಟು ಹೇಳಲು ತನಗೆ ಒಂದು ಹೆಣ ಬೀಳಬೇಕಾಯಿತು ಎಂದು ನನ್ನೆದುರು ಕಣ್ಣೊರೆಸಿಕೊಂಡರು. ಮಹಾರುದ್ರಪ್ಪನವರು ಗೊಣಗುತ್ತಾ ಒಪ್ಪಿದರು. ಹೆಣ್ಣುಮಕ್ಕಳಿಗೆ ಬೇರೆ ಕೋಣೆ ಮಾತ್ರ ಆಗಲಿಲ್ಲ. ವೈಜನಾಥರು ಕೋಣೆಯ ಒಂದು ಮೂಲೆಗೆ ಹಗ್ಗ ಕಟ್ಟಿ, ಮನೆಯ ಹಳೇ ಚಾದರವನ್ನು ಪರದೆ ಮಾಡಿ ಇಳಿಬಿಟ್ಟರು.

ಆಮೇಲೆ ಮುನ್ನಿ ಬೀ ಎಂಬ ಸೂಲಗಿತ್ತಿಯ ಮನೆಗೆ ಹೋದರು. ಗಲ್ಲಿಯ ಮುಸ್ಲಿಂ ಹೆಂಗಸರು ಆಕೆಗೆ ಹೇಳದೆ ದವಾಖಾನೆಯ ಮೆಟ್ಟಿಲು ಹತ್ತುತ್ತಿರಲಿಲ್ಲ. ದವಾಖಾನೆಯವರು ಆಕೆಯನ್ನು ಹೀಯಾಳಿಸುತ್ತಿದ್ದರು, ಆಕೆಗೂ ದವಾಖಾನೆ ಎಂದರೆ ಆಗುತ್ತಿರಲಿಲ್ಲ. ವೈಜನಾಥರು ಬಾಗಿಲ ಹೊರಗೆ ಕುಳಿತು ಕೇಳಿದರು, "ಆಪಾ, ಹೆಣ್ಮಕ್ಕಳು ತಮ್ಮ ತ್ರಾಸಿಗೆ ಏನೇನಂತಾರ, ನನಗ ಕಲಿಸ್ರಿ." ಮುನ್ನಿ ಬೀ ಒಳಗಿನಿಂದಲೇ ಬಹಳ ಹೊತ್ತು ನಕ್ಕಳಂತೆ. ಮೂರನೇ ಸಲ ಹೋದಾಗ ಹೇಳಿಕೊಡಲು ಶುರುಮಾಡಿದಳು. ಕನ್ನಡದವರು ಮುಟ್ಟಾದರೆ 'ಹೊರಗಾಗೀನಿ' ಎನ್ನುತ್ತಾರೆ, ದಖನಿ ಉರ್ದುವಿನವರು 'ಸಿರ್ ಮೈಲಾ ಹುವಾ', ಅಂದರೆ ತಲೆ ಮೈಲಿಗೆಯಾಯಿತು ಎನ್ನುತ್ತಾರೆ. ತಲೆಯ ಮಾತು ಬಂದರೆ ತಲೆನೋವಿನ ಗುಳಿಗೆ ಕೊಟ್ಟು ಕಳಿಸಿದ್ದು ಎಷ್ಟು ಸಲವೋ ಎಂದು ವೈಜನಾಥರು ಲೆಕ್ಕ ಹಾಕಲೂ ಹೆದರಿದರು. ಇಂಥ ಮಾತುಗಳನ್ನೆಲ್ಲ ಒಂದು ನೋಟ್‌ಬುಕ್ಕಿನಲ್ಲಿ ಬರೆದಿಟ್ಟರು. ಬೇಗ ಬರೆಯಲು ಬರುತ್ತಿದ್ದುದು ಉರ್ದು ಲಿಪಿ, ಅದರಲ್ಲೇ ಬರೆದರು. ಹತ್ತು ವರ್ಷದ ಮೇಲೆ ನಮ್ಮಂಥವರು ಬಂದಾಗ ಅದನ್ನು ಓದಬಲ್ಲವರು ದವಾಖಾನೆಯಲ್ಲಿ ಅವರೊಬ್ಬರೇ. ಮಧ್ಯಾಹ್ನ ಬಿಡುವಾದಾಗ ಅವರು ಓದುತ್ತಿದ್ದರು, ನಾನು ಕನ್ನಡದಲ್ಲಿ ಬರೆದುಕೊಳ್ಳುತ್ತಿದ್ದೆ. ಅರ್ಧದಷ್ಟು ಆಯಿತು. ಉಳಿದದ್ದು ನಾಳೆ, ನಾಡಿದ್ದು ಎನ್ನುತ್ತಾ ನನ್ನ ಸೋಮಾರಿತನಕ್ಕೇ ಹೋಯಿತು.

೧೯೭೦ರಲ್ಲಿ ವ್ಯಾಪಾರಸ್ಥರು ಹುಮನಾಬಾದಿನಲ್ಲಿ ಇನ್ನೊಂದು ದವಾಖಾನೆ ತೆರೆದು ವೈಜನಾಥರನ್ನು ಅಲ್ಲಿಗೆ ಕಳಿಸಿದರು. "ಗಂಗುಬಾಯಿ ಬಂದ್ರ ನಾ ಬರ್ತೀನಿ" ಎಂದು ಪಟ್ಟುಹಿಡಿದು ಅವಳನ್ನೂ ಕರೆತಂದರು, ಇಲ್ಲಿಯೂ ಒಂದು ಪರದೆ ಕಟ್ಟಿದರು. ನಾನು ಬರುವ ಹೊತ್ತಿಗೆ ತಾಂಡಾದ ಹೆಂಗಸರು ಬಾಗಿಲಲ್ಲಿ ಡಾಕ್ಟರು ಇದ್ದಾರಾ ಎಂದು ಕೇಳುತ್ತಿರಲಿಲ್ಲ, ಗಂಗುಬಾಯಿ ಇದ್ದಾಳಾ ಎಂದು ಕೇಳುತ್ತಿದ್ದರು.

೧೯೭೪ರಲ್ಲಿ, ಒಂದು ರಜೆಯ ದಿನ, ವೈಜನಾಥರು ನನಗೆ, "ಮೋರಖಂಡಿಗಿ ಹೋಗೂದದ. ಒಬ್ಬನೇ ಹೋಗಲಿಕ್ಕ ಧೈರ್ಯ ಸಾಲಾಕತ್ತಿಲ್ಲ. ಜೋಡಿ ಬರ್ತೀರೇನ್ರಿ ಬಾಯಿ?" ಎಂದರು. ಹದಿಮೂರು ವರ್ಷದಿಂದ ಅವರು ಆ ಊರಿನ ದಾರಿ ಹಿಡಿದಿರಲಿಲ್ಲ. ಆ ಕಡೆಯಿಂದಲೂ ಆ ಮನೆಯವರು ಯಾರೂ ದವಾಖಾನೆಗೆ ಬಂದಿರಲಿಲ್ಲ.

ಹಣಮಂತ ಇನ್ನೊಂದು ಮದುವೆಯಾಗಿ, ಮಕ್ಕಳಾಗಿ, ಕೆಲಸಕ್ಕೆಂದು ಸೋಲಾಪುರದ ಕಡೆ ಹೋಗಿದ್ದ. ಶೇವಂತಾಬಾಯಿ ಮನೆಯ ಮುಂದೆ ಕುಳಿತು ಕಡಲೆ ಹಸನು ಮಾಡುತ್ತಿದ್ದಳು. ಕೂದಲು ಪೂರಾ ನೆರೆತಿತ್ತು. ವೈಜನಾಥರನ್ನು ನೋಡಿದ ಕೂಡಲೇ ಗುರುತು ಹಿಡಿದಳು. ಚಾಪೆ ಹಾಸಿ, ನೀರು ಕೊಟ್ಟಳು. ಮಾತೆಲ್ಲ ಮರಾಠಿಯಲ್ಲಿ ನಡೆಯಿತು, ಕೇಳಿ ತಿಳಿಯುವಷ್ಟು ನನಗೂ ಬರುತ್ತಿತ್ತು. ವೈಜನಾಥರ ಮರಾಠಿ ಈಗ ಸಂತೆಯದಾಗಿರಲಿಲ್ಲ.

"ಅವ್ವ, ಅವತ್ತ ನೀವು ಹೇಳಿದ ಮಾತು ನನಗ ತಿಳೀಲಿಲ್ಲ. ತಿಳದಂಗ ಮಾಡಿದೆ. ಅದನ್ನ ಹೇಳಲಿಕ್ಕ ಬಂದೀನಿ" ಎಂದರು.

ಶೇವಂತಾಬಾಯಿ ಮೊರವನ್ನು ಕೆಳಗಿಟ್ಟಳು. "ನಿಮಗ ತಿಳೀಲಿಲ್ಲಂತ ನನಗ ಅವತ್ತೇ ಅನ್ಸಿತ್ತು. ನಿಮ್ಮ ಮಾರಿ ನೋಡೇ ಅನ್ಸಿತ್ತು. ಇನ್ನೊಮ್ಮಿ ಬಿಡಿಸಿ ಹೇಳ್ಬೇಕಾಗಿತ್ತು ನಾ. ಅಷ್ಟು ಗಂಡಸರ ಮುಂದ ನನಗ ನಾಚಿಕಿ ಬಂತು. ನನ್ನ ನಾಚಿಕಿ ಆಕೀನ್ನ ತಿಂತು, ಅಣ್ಣಾ. ನೀವು ಪರರು. ನಾ ಮನೀಯಾಕಿ ಇದ್ದೆ." ಹೀಗೆಂದು ಸೆರಗಿನಿಂದ ಬಾಯಿ ಮುಚ್ಚಿಕೊಂಡಳು.

ನಾನು ವೈಜನಾಥರ ಕಡೆ ನೋಡಿದೆ. ಅವರು ಲೋಟದ ನೀರು ಕುಡಿದು ಮುಗಿಸಿದರು. ಕೈಮುಗಿದು ಎದ್ದರು. ಬಸ್ಸಿನಲ್ಲಿ ಮರಳುವಾಗ, ನಾರಾಯಣಪುರದ ಒಬ್ಬ ಪರಿಚಯದವರು ಮಾತಾಡಿಸಿದರೂ ಅವರಿಗೆ ಕೇಳಿಸಲಿಲ್ಲ. ಬಸ್ಸಿಳಿದ ಮೇಲೆ, ಅಲ್ಲೇ ನಿಲ್ದಾಣದ ಕಲ್ಲಿನ ಮೇಲೆ ಕುಳಿತು ನನಗೆ ಆ ಎರಡನೆಯ ಭಾಗವನ್ನು ಹೇಳಿದರು. ಡಾಕ್ಟರು ಮುಟ್ಟಿನ ವಿಷಯ ಕೇಳೆಂದಿದ್ದು, ತಾವು ಕೇಳದೆ ಬಿಟ್ಟದ್ದು.

"ಆಕಿ ಹದಿಮೂರು ವರ್ಷ ತನ್ನನ್ನ ತಾನೇ ಸುಟ್ಟುಕೊಂಡಾಳ. ನಾಚಿಕಿ ನನಗ ಆಗಿತ್ತು ಬಾಯಿ, ಆಕಿ ಹೇಳೇ ಹೇಳಿದ್ಲು. ನನ್ನ ಪಾಲು ಆಕಿ ತಲೀ ಮ್ಯಾಲ ಇಟ್ಟು ನೀರು ಕುಡದು ಬಂದೆ."

"ಮತ್ತ ಹೋಗಿ ಹೇಳ್ರಿ" ಎಂದೆ.

ಮರುವಾರವೇ ಹೋದರು, ಈ ಸಲ ಒಬ್ಬರೇ. ಆ ಭೇಟಿಯ ಬಗ್ಗೆ ಅವರು ಹೇಳಿದ್ದು ಸ್ವಲ್ಪವೇ. ಎಲ್ಲವನ್ನೂ ಇದ್ದದ್ದಿದ್ದಂತೆ ಹೇಳಿದರಂತೆ. ಶೇವಂತಾಬಾಯಿ ಕೊನೆಯವರೆಗೂ ಕೇಳಿದಳು. "ಡಾಕ್ಟರ್ ಕೇಳಂದಿದ್ರಾ?" ಎಂದು ಒಂದೇ ಮಾತು ಕೇಳಿದಳು. ಹೌದು ಎಂದರು. ಆಕೆ ಎದ್ದು ಒಳಗೆ ಹೋಗಿ ಬಾಗಿಲು ಮುಂದೆ ಮಾಡಿಕೊಂಡಳು. ಅವರು ಬಿಸಿಲಲ್ಲಿ ಬಹಳ ಹೊತ್ತು ನಿಂತರು. ಬಾಗಿಲು ತೆರೆಯಲಿಲ್ಲ.

ಆಕೆಯ ಎದೆಯ ಭಾರ ಅದರಿಂದ ಇಳಿಯಿತೋ, ಇಲ್ಲ ಇನ್ನೊಂದು ಭಾರ ಏರಿತೋ ನಮಗೆ ತಿಳಿಯಲೇ ಇಲ್ಲ. ಹೋಗೆಂದು ಹೇಳಿದವಳು ನಾನೇ. ಅದು ಸರಿಯಾದ ಮಾತೇ ಎಂದು ಇವತ್ತಿಗೂ ಯೋಚಿಸುತ್ತೇನೆ.

೧೯೮೨ರಲ್ಲಿ ವೈಜನಾಥರು ನಿವೃತ್ತರಾದರು. ಶಾಲು ಹೊದಿಸಿ ಹಾರ ಹಾಕಿದರು. ಮಹಾರುದ್ರಪ್ಪನವರ ಮಗ ಭಾಷಣ ಮಾಡುತ್ತಾ, ನಾಲ್ಕು ಭಾಷೆಗಳ ನಡುವೆ ಮೂವತ್ತು ವರ್ಷ ಸೇತುವೆಯಾಗಿ ನಿಂತ ಇವರ ಕೈಯಲ್ಲಿ ಒಂದು ಮಾತೂ ತಪ್ಪಲಿಲ್ಲ ಎಂದರು. ಎಲ್ಲರೂ ಚಪ್ಪಾಳೆ ತಟ್ಟಿದರು. ಎಲ್ಲ ಗೊತ್ತಿದ್ದ ನಾನೂ ತಟ್ಟಿದೆ. ವೈಜನಾಥರು ಎದ್ದು ನಿಂತು, ತಪ್ಪಿದೆ ಎಂದು ಮಾತ್ರ ಹೇಳಿ ಕುಳಿತರು. ಜನ ಅದನ್ನು ವಿನಯ ಎಂದುಕೊಂಡು ಇನ್ನೊಮ್ಮೆ ಚಪ್ಪಾಳೆ ತಟ್ಟಿದರು.

ಕೊಡಂಬಲಕ್ಕೆ ಹೋದ ಮೇಲೂ ಅವರು ತಿಂಗಳಿಗೊಮ್ಮೆ ಹುಮನಾಬಾದಿಗೆ ಬರುತ್ತಿದ್ದರು, ಒಂದೇ ಕೆಲಸಕ್ಕೆ. ಗಂಗುಬಾಯಿಯ ಹೆಸರನ್ನು ದಫ್ತರದಲ್ಲಿ ಕಸ ಗುಡಿಸುವವಳು ಎಂಬುದರಿಂದ ತೆಗೆದು, ಹೆಣ್ಣುಮಕ್ಕಳ ಮಾತು ತಿಳಿಸುವವಳು ಎಂದು ಬರೆಯಿರಿ ಎಂಬ ಅರ್ಜಿ. ಅಂಥ ಕೆಲಸವೇ ಇಲ್ಲ ಎಂಬುದು ಪ್ರತಿಸಲದ ಉತ್ತರ. ಕೊನೆಯ ಸಲ ಅವರು ಬಂದಾಗ ಅಂಬುಬಾಯಿ ಎಂಬ ಹೊಸ ಸೊಸೆಯೊಬ್ಬಳು ಪರದೆಯ ಹಿಂದೆ ಗಂಗುಬಾಯಿಯ ಕಿವಿಯಲ್ಲಿ ಏನೋ ಹೇಳುತ್ತಿದ್ದಳು. ವೈಜನಾಥರು ಹೊರಗಿನ ಬೆಂಚಿನಲ್ಲಿ ಅರ್ಜಿ ಹಿಡಿದು ಕುಳಿತಿದ್ದರು. ಗಂಗುಬಾಯಿ ಹೊರಗೆ ಬಂದು ಡಾಕ್ಟರಿಗೆ ಎಲ್ಲ ತಿಳಿಸಿ, ಆಮೇಲೆ ಮೂಲೆಯಲ್ಲಿದ್ದ ಕಸಬರಿಗೆ ಕೈಗೆತ್ತಿಕೊಂಡಳು.

"ಬಿಡ್ರಿ ಕಂಪೌಂಡರಸಾಬ್. ಬರಕೊಂಡರೇನು, ಬಿಟ್ಟರೇನು" ಎಂದಳು.

"ಹಂಗನಬ್ಯಾಡ ಗಂಗುಬಾಯಿ" ಎಂದರು ಅವರು. ಆಕೆ ಗುಡಿಸುವುದಕ್ಕೆ ಅನುವಾಗಲೆಂದು ಎರಡೂ ಕಾಲು ಎತ್ತಿ ಬೆಂಚಿನ ಮೇಲಿಟ್ಟುಕೊಂಡರು.